ನೀರಿನ ಟ್ಯಾಂಕಿನಲ್ಲಿ ಸಿಕ್ಕ ಗುಂಡು

ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಕೈಚಾಚಿ ತಿರುಗಿಸಿದರೆ ನಲ್ಲಿ ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ಗೀರಪ್ಪನವರ ಆ ದಿನದ ಗ್ರಹಚಾರ ಶುರುವಾದದ್ದು ಹೀಗೆ.

“ನೀರು ನಿಂತೋಯ್ತು ಕಣೇ,” ಎಂದು ಬಚ್ಚಲಿನಿಂದ ಕೂಗಿದರು.

“ನನಗ್ಯಾಕೆ ಹೇಳ್ತೀರಿ? ಈ ತಿಂಗಳು ಟ್ಯಾಂಕು ನಿಮ್ಮದಲ್ವಾ,” ಎಂದು ಹೆಂಡತಿ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು.

ಮಾತು ನಿಜ. ತಾರಸಿಯ ಮೇಲಿನ ಟ್ಯಾಂಕಿನ ಉಸ್ತುವಾರಿ ಆ ಕಟ್ಟಡದಲ್ಲಿ ತಿಂಗಳಿಗೊಂದು ಮನೆಗೆ ಸರದಿಯಂತೆ ಬರುತ್ತಿತ್ತು. ಹೋದ ಭಾನುವಾರವಷ್ಟೇ ಗೀರಪ್ಪನವರು ಒಗೆಯಲು ಹಾಕಬೇಕಿದ್ದ ಅಂಗಿ ತೊಟ್ಟು, ಟ್ಯಾಂಕು ಖಾಲಿ ಮಾಡಿಸಿ, ಉಜ್ಜಿಸಿ, ಪಂಪು ಹಾಕಿಸಿ ಹೊಸ ನೀರು ತುಂಬಿಸಿದ್ದರು. ತುಂಬುವ ಮುಂಚೆ ಒಮ್ಮೆ, ತುಂಬಿದ ಮೇಲೆ ಒಮ್ಮೆ ಕಬ್ಬಿಣದ ಏಣಿ ಹತ್ತಿ, ಟ್ಯಾಂಕಿನ ಬಾಯಿಗೆ ತಲೆ ತೂರಿಸಿ, ಟಾರ್ಚು ಬಿಟ್ಟು ನೋಡಿ, “ಒಂದು ಕೂದಲಿದ್ದರೂ ನನ್ನ ಕಣ್ಣು ತಪ್ಪಿಸಲ್ಲ. ಏನೂ ಇಲ್ಲ,” ಎಂದು ಕಟ್ಟಡದ ಕಾರ್ಯದರ್ಶಿಗಳಿಗೆ ಭರವಸೆ ಕೊಟ್ಟಿದ್ದರು.

ಕಣ್ಣಿನ ಬಗ್ಗೆ ಅವರಿಗೆ ಅಷ್ಟು ಜಂಬ ಬರಲು ಕಾರಣ ಅವರ ಕೆಲಸ. ಗೀರಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಅಪರಾಧಗಳ ತನಿಖೆಗೆ ನೆರವಾಗುವ ಸರ್ಕಾರಿ ಪ್ರಯೋಗಾಲಯದಲ್ಲಿ ಅವರದು ಬಂದೂಕು ವಿಭಾಗ. ಪಿಸ್ತೂಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಸಣ್ಣ ಸಣ್ಣ ಕಾಲುವೆಗಳಿರುತ್ತವೆ. ಗುಂಡು ಅದರೊಳಗಿಂದ ಉಜ್ಜಿಕೊಂಡು ಹೊರಬರುವಾಗ ಅದರ ಮೈತುಂಬ ಗೀರು ಬೀಳುತ್ತವೆ, ಮತ್ತು ಒಂದು ನಳಿಗೆ ಹಾಕಿದ ಗೀರನ್ನು ಇನ್ನೊಂದು ನಳಿಗೆ ಹಾಕುವುದಿಲ್ಲ. ಎಲ್ಲೋ ಸಿಕ್ಕ ಗುಂಡು ಯಾವ ಪಿಸ್ತೂಲಿನದು ಎಂದು ತಿಳಿಯಬೇಕಾದರೆ, ಅನುಮಾನವಿರುವ ಪಿಸ್ತೂಲಿನಿಂದ ಪ್ರಯೋಗಾಲಯದ ಉದ್ದನೆಯ ನೀರಿನ ತೊಟ್ಟಿಗೆ ಗುಂಡು ಹಾರಿಸಬೇಕು. ನೀರಿನಲ್ಲಿ ಅದು ಜಜ್ಜಿಹೋಗದೆ ತಳಕ್ಕೆ ಹೋಗಿ ಕೂರುತ್ತದೆ. ಆಮೇಲೆ ಅದನ್ನೂ ಇದನ್ನೂ ಜೋಡಿ ಮೈಕ್ರೋಸ್ಕೋಪಿನ ಕೆಳಗೆ ಪಕ್ಕಪಕ್ಕ ಇಟ್ಟು, ಈ ಕಡೆಯ ಗೀರು ಆ ಕಡೆಯ ಗೀರಿಗೆ ಕೂಡುತ್ತದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಬೇಕು.

ಇದನ್ನೆಲ್ಲ ಗೀರಪ್ಪನವರು ಅರ್ಧ ಆಯುಷ್ಯದಿಂದ ಒಂದು ಬೋಳು ಸ್ಟೂಲಿನ ಮೇಲೆ ಬಗ್ಗಿ ಕೂತು ಮಾಡುತ್ತ ಬಂದಿದ್ದರು. ಸ್ಟೂಲಿಗೆ ಒರಗಲು ಏನೂ ಇಲ್ಲದ ಕಾರಣ ಅವರ ಸೊಂಟ ಸಂಜೆಯ ಹೊತ್ತಿಗೆ ಅವರ ಮಾತು ಕೇಳುತ್ತಿರಲಿಲ್ಲ. ಇಡೀ ವಿಭಾಗದಲ್ಲಿ ಒರಗುವ, ಉರುಳುವ, ಮೆತ್ತನೆಯ ಕುರ್ಚಿ ಇದ್ದದ್ದು ಒಂದೇ, ಅದು ಮುಖ್ಯಸ್ಥರಾದ ಮೇಡಂ ಅವರದು. ಮೇಡಂಗೆ ಬೇರೆ ಊರಿಗೆ ವರ್ಗವಾಗಿತ್ತು. ತಮ್ಮ ಜಾಗಕ್ಕೆ ಯಾರಾಗಬಹುದು ಎಂದು ಅವರು ಮೇಲಿನವರಿಗೆ ಹೇಳಬೇಕಿದ್ದದ್ದು ಆ ದಿನವೇ. ಬೆರಳಚ್ಚು ವಿಭಾಗದವರೊಬ್ಬರು ಹೊಂಚು ಹಾಕಿದ್ದರು. “ಇವತ್ತೊಂದು ದಿನ ಏನೂ ಎಡವಟ್ಟು ಮಾಡ್ಕೋಬೇಡಪ್ಪಾ,” ಎಂದು ಗೀರಪ್ಪನವರು ಬೆಳಿಗ್ಗೆ ಎದ್ದೊಡನೆ ತಮಗೆ ತಾವೇ ಕೈಮುಗಿದುಕೊಂಡಿದ್ದರು.

ಸೋಪನ್ನು ಟವೆಲಿನಿಂದಲೇ ಒರೆಸಿಕೊಂಡು ತಾರಸಿಗೆ ಓಡಿದರೆ, ಅಷ್ಟು ಹೊತ್ತಿಗೆ ಕಟ್ಟಡವೇ ಅಲ್ಲಿ ಸೇರಿತ್ತು. ಪ್ಲಂಬರ್ ಟ್ಯಾಂಕಿನ ಬುಡದಲ್ಲಿ ಕೂತಿದ್ದ.

“ಟ್ಯಾಂಕು ತುಂಬಾ ನೀರಿದೆ ಸಾರ್. ಪೈಪಿಗೆ ಇಳೀತಾ ಇಲ್ಲ. ವಾಲ್ವಲ್ಲಿ ಏನೋ ಸಿಕ್ಕೊಂಡಿದೆ,” ಎಂದು ಅವನು ವಾಲ್ವ್ ಬಿಚ್ಚಿ ತಂತಿ ಹಾಕಿ ಎಳೆದ. ಕೆಸರು ಬಣ್ಣದ ಒದ್ದೆ ಮುದ್ದೆಯೊಂದು ಹೊರಗೆ ಬಂತು. ಪಾರಿವಾಳದ ಗೂಡಿನ ಕಸ ಇರಬೇಕೆಂದು ಅವನು ಅದನ್ನು ಕೊಡವಿದಾಗ ಅದರೊಳಗಿಂದ ಏನೋ ಠಣ್ಣೆಂದು ನೆಲಕ್ಕೆ ಬಿತ್ತು. ಮುದ್ದೆಯನ್ನು ಪ್ಯಾರಪೆಟ್ ಗೋಡೆಯ ಮೇಲೆಸೆದು, ಬಿದ್ದದ್ದನ್ನು ಎತ್ತಿ ಹಿಡಿದ.

ಗೀರಪ್ಪನವರು ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ಬಗ್ಗಿ ನೋಡಿ, “ಹಾರಿಸಿದ ಗುಂಡು. ಪಿಸ್ತೂಲಿಂದು,” ಎಂದರು.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದು, ಅವರ ಕಡೆ ನೋಡಿದರು. ಅದುವರೆಗೆ ಕಟ್ಟಡದವರು ಲ್ಯಾಬು ಎಂದರೆ ರಕ್ತ ಪರೀಕ್ಷೆ ಎಂದೇ ತಿಳಿದಿದ್ದರು. ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ತಮ್ಮ ಸಕ್ಕರೆ ಕಾಯಿಲೆಯ ಬಗ್ಗೆ ಕೇಳುತ್ತಿದ್ದರು. ಮೊದಲ ಸಲ ಅವರ ಕಣ್ಣಲ್ಲಿ ತಮ್ಮ ಬಗ್ಗೆ ಗೌರವ ಕಂಡು ಗೀರಪ್ಪನವರಿಗೆ ಒಳಗೊಳಗೇ ಖುಷಿಯಾಯಿತು.

“ಟ್ಯಾಂಕಿಗೆ ತೂತೇ ಇಲ್ಲವಲ್ಲ, ಒಳಗೆ ಹೇಗೆ ಹೋಯ್ತು?” ಎಂದು ಕಾರ್ಯದರ್ಶಿಗಳು ಕೇಳಿದರು.

“ಮುಚ್ಚಳ ಓರೆಯಾಗಿದೆ ನೋಡಿ. ಯಾರೋ ಆಕಾಶಕ್ಕೆ ಹಾರಿಸಿದಾರೆ. ಅದು ಕೆಳಗೆ ಬರೋವಾಗ ಸಂದಿಯಿಂದ ಸೀದಾ ಒಳಗೆ ಇಳಿದಿದೆ. ನಮ್ಮ ಶಾಸ್ತ್ರದಲ್ಲಿ ಇಂಥದ್ದೆಲ್ಲ ಸಾಮಾನ್ಯ,” ಎಂದರು ಗೀರಪ್ಪನವರು. ಅವರ ಶಾಸ್ತ್ರದಲ್ಲಿ ಇಂಥದ್ದು ಒಂದು ಸಲವೂ ಆಗಿರಲಿಲ್ಲ. ಆದರೆ ಕೇಳುವವರಿದ್ದಾಗ ಹೇಳದೆ ಇರುವುದು ಕಷ್ಟ.

ಈಗ ಎಲ್ಲರ ಕತ್ತು ನಿಧಾನವಾಗಿ ಮೇಲಿನ ಮಹಡಿಯ ಮೇಜರ್ ಕಡೆ ತಿರುಗಿತು. ಸೈನ್ಯದಿಂದ ನಿವೃತ್ತರಾದ ಅವರ ಹತ್ತಿರ ಲೈಸೆನ್ಸ್ ಇರುವ ಪಿಸ್ತೂಲಿತ್ತು. ಕಟ್ಟಡದವರ ಹೋದ ಸಭೆಯಲ್ಲಿ ನೀರಿನ ಜಗಳವಾದಾಗ, “ಈ ದರಿದ್ರ ಟ್ಯಾಂಕಿಗೆ ಒಂದು ಗುಂಡು ಹೊಡೀಬೇಕು,” ಎಂದು ಅವರು ಎಲ್ಲರೆದುರು ಅಂದಿದ್ದರು.

“ನನ್ನ ಯಾಕ್ರೀ ನೋಡ್ತೀರಿ?” ಎಂದರು ಮೇಜರ್. “ನಾನು ಹೊಡೆಯೋದೇ ಆಗಿದ್ರೆ ಟ್ಯಾಂಕಿಗೆ ಯಾಕೆ ಹೊಡೀತಿದ್ದೆ? ಕಾರ್ಯದರ್ಶಿಗೆ ಹೊಡೀತಿದ್ದೆ.”

ಈ ಉತ್ತರದಿಂದ ಅವರಿಗೆ ಅನುಕೂಲವೇನೂ ಆಗಲಿಲ್ಲ. ಕಾರ್ಯದರ್ಶಿಗಳು ಪೊಲೀಸರಿಗೆ ಫೋನು ಮಾಡಿದರು. ಇನ್ಸ್‌ಪೆಕ್ಟರ್ ಬಂದು ಗುಂಡನ್ನೂ ಪಿಸ್ತೂಲನ್ನೂ ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸಿ, ಮೇಜರನ್ನು ಜೀಪಿನಲ್ಲಿ ಠಾಣೆಗೆ ಕರೆದುಕೊಂಡು ಹೋದರು.

ಗೀರಪ್ಪನವರೂ ಕಚೇರಿಗೆ ಹೊರಟರು. ಹೆಂಡತಿ ಬಾಗಿಲಲ್ಲಿ ತಡೆದು, “ಜೇಬು ನೋಡ್ಕೊಳ್ಳಿ. ನೀವು ಒಗೆಯೋಕೆ ಹಾಕಿದ್ದ ಅಂಗೀಲಿ ಸೀಮೆಸುಣ್ಣ, ರಬ್ಬರ್ ಬ್ಯಾಂಡು, ಅರ್ಧ ಬಿಸ್ಕತ್ತು ಇತ್ತು. ಅದು ಜೇಬೋ ಕಸದ ಬುಟ್ಟಿಯೋ?” ಎಂದರು.

“ದೊಡ್ಡ ಕೇಸಿದೆ ಕಣೇ. ಈಗ ಬಿಸ್ಕತ್ತಿನ ಮಾತು ಬೇಡ.”

ಕಚೇರಿಯಲ್ಲಿ ಅವರು ಮೊದಲು ಪ್ರಾಮಾಣಿಕವಾಗಿಯೇ ನಡೆದುಕೊಂಡರು. “ಮೇಡಂ, ಇದು ನಮ್ಮ ಕಟ್ಟಡದ್ದೇ ಕೇಸು. ಬೇರೆಯವರು ನೋಡಿದ್ರೆ ಒಳ್ಳೇದು,” ಎಂದರು.

“ಬೇರೆಯವರು ಅಂದ್ರೆ ಯಾರು? ಈ ವಿಭಾಗದಲ್ಲಿರೋದು ನಾನು ಮತ್ತು ನೀವು. ನೀವು ನೋಡಿ, ಆಮೇಲೆ ಹೇಗೂ ನಾನು ನೋಡ್ತೀನಿ,” ಎಂದರು ಮೇಡಂ. ಒಬ್ಬರು ಹೊಂದಿತು ಎಂದರೆ ಸಾಲದು, ಇನ್ನೊಬ್ಬರೂ ಸ್ವತಃ ನೋಡಿ ಹೊಂದಿತು ಎನ್ನಬೇಕು, ಅದು ಅಲ್ಲಿಯ ನಿಯಮ. “ಅಂದ ಹಾಗೆ ಲಾಕರ್ ಕೀಲಿ ಎಲ್ಲಿ? ಕೊರಳಿಗೆ ಹಾಕ್ಕೊಳ್ಳಿ ಅಂತ ಎಷ್ಟು ಸಲ ಹೇಳಿಲ್ಲ?”

“ದಾರ ಹಾಕ್ಕೊಂಡ್ರೆ ಕತ್ತು ಕಡಿಯುತ್ತೆ ಮೇಡಂ. ಜೇಬಲ್ಲಿ ಭದ್ರವಾಗಿದೆ,” ಎಂದು ಗೀರಪ್ಪನವರು ಅಂಗಿಯ ಜೇಬು ತಟ್ಟಿ ತೋರಿಸಿದರು.

ಮೇಜರ್ ಅವರ ಪಿಸ್ತೂಲಿನಿಂದ ತೊಟ್ಟಿಗೆ ಗುಂಡು ಹಾರಿಸಿ, ಎತ್ತಿ, ಒರೆಸಿ, ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಹೆಚ್ಚು ಹೊತ್ತು ನೋಡುವ ಅಗತ್ಯವೇ ಬೀಳಲಿಲ್ಲ. ಟ್ಯಾಂಕಿನ ಗುಂಡಿನ ಗೆರೆಗಳು ಎಡಕ್ಕೆ ಓರೆಯಾಗಿದ್ದವು, ಮೇಜರ್ ಗುಂಡಿನವು ಬಲಕ್ಕೆ. ಆ ಪಿಸ್ತೂಲು ಅಲ್ಲವೇ ಅಲ್ಲ. ಠಾಣೆಗೆ ಫೋನು ಹೋಯಿತು. ಅಲ್ಲಿ ಕಟ್ಟಡದ ಸಭೆಗಿಂತ ಒಳ್ಳೆಯ ಕಾಫಿ ಕೊಟ್ಟಿದ್ದರೆಂದು ಮೇಜರ್ ಸ್ವಲ್ಪ ಬೇಸರದಿಂದಲೇ ಹೊರಟರಂತೆ.

ಇಲ್ಲಿಗೆ ನಿಲ್ಲಿಸಿದ್ದರೆ ಗೀರಪ್ಪನವರ ದಿನ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಟ್ಯಾಂಕಿನ ಗುಂಡಿನ ಮೇಲೆ, ಓರೆ ಗೆರೆಯ ಪಕ್ಕದಲ್ಲಿ, ಒಂದು ದಪ್ಪ ಗೀರು, ಅದಕ್ಕೆ ಅಂಟಿಕೊಂಡಂತೆ ಎರಡು ಸಣ್ಣವು ಕಂಡವು. ಇದನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ಬಸ್ಸಿನಲ್ಲಿ ಎದುರು ಕೂತವರ ಮುಖ ಪರಿಚಯವಿದ್ದು ಹೆಸರು ನೆನಪಾಗದಾಗ ಆಗುವಂಥ ಸಂಕಟ. ಆಮೇಲೆ ನೆನಪಾಯಿತು. ಊರಿನ ಒಡವೆ ಅಂಗಡಿ ದರೋಡೆಯಾದ ಮೇಲೆ ಚರಂಡಿಯಲ್ಲಿ ಸಿಕ್ಕಿದ್ದ ಪಿಸ್ತೂಲು. ದರೋಡೆಕೋರ ಇನ್ನೂ ಸಿಕ್ಕಿರಲಿಲ್ಲ. ಪಿಸ್ತೂಲು ಮಾತ್ರ ಹೋದ ವಾರದಿಂದ ಇಲ್ಲೇ ಲಾಕರಿನಲ್ಲಿತ್ತು. ಶನಿವಾರ ಅವರೇ ಅದರಿಂದ ಗುಂಡು ಹಾರಿಸಿ ಮಾದರಿ ತೆಗೆದಿಟ್ಟಿದ್ದರು.

ಜೇಬಿನಿಂದ ಕೀಲಿ ತೆಗೆದು, ಲಾಕರಿನಿಂದ ಮಾದರಿ ತಂದು ಜೋಡಿಸಿ, ಉಸಿರು ಬಿಗಿಹಿಡಿದು ತಿರುಗಿಸಿದರು. ಎಡಗಡೆಯ ಗೀರು ನಡುವಿನ ಗೆರೆಯನ್ನು ದಾಟಿ ಬಲಗಡೆಗೆ ನೀರು ಹರಿದ ಹಾಗೆ ಹರಿಯಿತು. ದಪ್ಪದ್ದಕ್ಕೆ ದಪ್ಪದ್ದು, ಸಣ್ಣದಕ್ಕೆ ಸಣ್ಣದು. ಇಷ್ಟು ಚೆನ್ನಾಗಿ ಹೊಂದಿದ ಜೋಡಿಯನ್ನು ಗೀರಪ್ಪನವರು ಮದುವೆ ಮನೆಗಳಲ್ಲೂ ಕಂಡಿರಲಿಲ್ಲ.

ಮೇಡಂ ಬಂದು ಬಹಳ ಹೊತ್ತು ನೋಡಿದರು. ತಲೆಯೆತ್ತಿ, “ಹೊಂದಿತು. ಇಷ್ಟು ಸ್ಪಷ್ಟವಾಗಿ ಕೂಡಿದ್ದು ನನ್ನ ಸರ್ವೀಸಲ್ಲೇ ನೋಡಿಲ್ಲ ರೀ. ಎರಡೂ ಒಂದೇ ದಿನ, ಒಂದೇ ಕಡೆ ಹಾರಿಸಿದ ಹಾಗಿದೆ,” ಎಂದರು.

“ಕಣ್ಣಿನ ಅಭ್ಯಾಸ ಮೇಡಂ, ಇನ್ನೇನಿಲ್ಲ,” ಎಂದು ಗೀರಪ್ಪನವರು ಮೆಲ್ಲಗೆ ಉಬ್ಬಿದರು.

“ಬನ್ನಿ, ಒಂದು ನಿಮಿಷ ಕೂತ್ಕೊಳ್ಳಿ,” ಎಂದು ಮೇಡಂ ತಮ್ಮ ಕುರ್ಚಿ ತೋರಿಸಿದರು. “ಸಂಜೆ ಮೇಲಿನವರಿಗೆ ಫೋನು ಮಾಡಬೇಕು. ನಿಮ್ಮ ಹೆಸರೇ ಹೇಳ್ತೀನಿ.”

ಗೀರಪ್ಪನವರು ಕೂತರು. ಒರಗಿದರು. ಕಾಲಿನಿಂದ ಮೆಲ್ಲಗೆ ನೂಕಿದಾಗ ಕುರ್ಚಿ ಕಿಟಕಿಯವರೆಗೂ ಉರುಳಿಕೊಂಡು ಹೋಯಿತು. ಅವರ ಸೊಂಟಕ್ಕೆ ತನ್ನನ್ನು ಯಾರೋ ಮೊದಲ ಸಲ ಮಾತನಾಡಿಸಿದ ಹಾಗಾಗಿ, ಅವರ ಕಣ್ಣಲ್ಲಿ ನೀರೇ ಬಂತು.

ದರೋಡೆಕೋರ ಆ ಕಟ್ಟಡದ ಆಸುಪಾಸಿನಲ್ಲೇ ಇದ್ದಾನೆ ಎಂದು ತಿಳಿದೊಡನೆ ಇನ್ಸ್‌ಪೆಕ್ಟರ್ ಪಡೆ ಕಟ್ಟಿಕೊಂಡು ನುಗ್ಗಿದರು. ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು ಬಂತು.

“ನೀವು ಅಲ್ಲಿ ಏನು ಮಾಡಿದ್ರಿ? ಇಲ್ಲಿ ಪೊಲೀಸರು ಮನೆಮನೆ ಬೀರು ತೆಗೆಸ್ತಿದಾರೆ. ಕಾರ್ಯದರ್ಶಿಗಳ ಮನೆ ಮಂಚದ ಕೆಳಗೆ ಕಟ್ಟಡದ ಬಲ್ಬುಗಳೆಲ್ಲ ಸಿಕ್ಕಿವೆ. ಕೆಳಗಿನ ಮನೆಯವರು ನನ್ನಿಂದ ಕಡ ತಗೊಂಡಿದ್ದ ಕುಕ್ಕರು ಅವರ ಬೀರೂಲಿತ್ತು. ಒಬ್ಬರ ಮುಖ ಒಬ್ಬರು ನೋಡ್ತಿಲ್ಲ.”

“ತನಿಖೆ ಅಂದ್ರೆ ಹಾಗೇನೇ ಕಣೇ. ಸತ್ಯ ಹೊರಗೆ ಬರುತ್ತೆ.”

“ಸತ್ಯ ಬರ್ಲಿ ಬಿಡಿ. ಮಧ್ಯಾಹ್ನ ನಲ್ಲೀಲಿ ನೀರು ಬಂತು, ಅಷ್ಟು ಸಾಕು.”

ಇಳಿಹೊತ್ತಿನಲ್ಲಿ ಇನ್ಸ್‌ಪೆಕ್ಟರ್ ಹೇಳಿಕಳಿಸಿದರು. ಜಾಗ ನೋಡಿ, ಗುಂಡು ಯಾವ ಕಡೆಯಿಂದ ಬಂದಿರಬಹುದೆಂದು ತಜ್ಞರು ಹೇಳಬೇಕಂತೆ. ತಜ್ಞರು ಎಂಬ ಮಾತು ಕೇಳಿ ಗೀರಪ್ಪನವರು ಲಾಕರಿಗೆ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ, ಮೇಡಂ ಜೊತೆ ಹೊರಟೇಬಿಟ್ಟರು.

ತಾರಸಿಯ ಮೇಲೆ ಮತ್ತೆ ಅದೇ ಜನ. ಇನ್ಸ್‌ಪೆಕ್ಟರ್ ಕಾರ್ಯದರ್ಶಿಗಳನ್ನು ಕೇಳಿದರು, “ಈ ಗುಂಡು ಟ್ಯಾಂಕಿಗೆ ಬಿದ್ದು ಎಷ್ಟು ದಿನ ಆಗಿರಬಹುದು?”

“ಭಾನುವಾರ ಟ್ಯಾಂಕು ಪೂರ್ತಿ ಖಾಲಿ ಮಾಡಿ ತೊಳೆಸಿದ್ವಿ ಸಾರ್. ಇವರೇ ಒಳಗೆ ಟಾರ್ಚು ಬಿಟ್ಟು ನೋಡಿ ಒಂದು ಕೂದಲೂ ಇಲ್ಲ ಅಂದ್ರು. ಹಾಗಾಗಿ ಆಮೇಲೇ ಬಿದ್ದಿರಬೇಕು.”

“ನೂರಕ್ಕೆ ನೂರು,” ಎಂದರು ಗೀರಪ್ಪನವರು. “ಅದಕ್ಕೆ ನಾನೇ ಸಾಕ್ಷಿ.”

ಇನ್ಸ್‌ಪೆಕ್ಟರ್ ಬೆರಳು ಮಡಚುತ್ತ ಏನೋ ಲೆಕ್ಕ ಹಾಕಿದರು. ಮತ್ತೆ ಮೊದಲಿನಿಂದ ಹಾಕಿದರು. ಆಮೇಲೆ ಗೀರಪ್ಪನವರ ಹತ್ತಿರ ಬಂದು ಮೆತ್ತಗೆ ಕೇಳಿದರು, “ಆ ಪಿಸ್ತೂಲು ಹೋದ ವಾರದಿಂದ ನಿಮ್ಮ ಲಾಕರಿನಲ್ಲಿದೆ, ಅಲ್ವಾ?”

“ಹೌದು.”

“ಅಂದ್ರೆ ಭಾನುವಾರ ಆದಮೇಲೆ ಅದು ಲಾಕರಿನಿಂದ ಎದ್ದು ಬಂದು, ನೀವಿರೋ ಕಟ್ಟಡದ ಮೇಲೆ ಗುಂಡು ಹಾರಿಸಿ, ವಾಪಸ್ ಹೋಗಿ ಮಲಗಿದೆ. ಲಾಕರ್ ಕೀಲಿ ಯಾರ ಹತ್ತಿರ ಇರುತ್ತೆ?”

ಗೀರಪ್ಪನವರ ಕೈ ತಾನಾಗಿ ಜೇಬಿನ ಮೇಲೆ ಹೋಗಿ ಕೂತಿತು. ತಾರಸಿಯ ಮೇಲಿದ್ದವರು ಬೆಳಿಗ್ಗೆಯಂತೆಯೇ ಒಂದು ಹೆಜ್ಜೆ ಹಿಂದೆ ಸರಿದರು. ಮೇಜರ್ ಮಾತ್ರ ಒಂದು ಹೆಜ್ಜೆ ಮುಂದೆ ಬಂದು, “ಠಾಣೇಲಿ ಕಾಫಿ ಚೆನ್ನಾಗಿರುತ್ತೆ,” ಎಂದು ಸಮಾಧಾನ ಹೇಳಿದರು.

“ನಿಮ್ಮ ಪರೀಕ್ಷೆ ತಪ್ಪಾಗಿರಬಹುದಾ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

ತಪ್ಪು ಎಂದರೆ ಕುರ್ಚಿ ಹೋಯಿತು. ಸರಿ ಎಂದರೆ ಜೈಲು. ಜೈಲಿನಲ್ಲಿ ಸ್ಟೂಲಾದರೂ ಇರುತ್ತದೋ ಇಲ್ಲವೋ ಎಂಬ ಯೋಚನೆ ಆ ಕ್ಷಣದಲ್ಲೂ ಬಂತಲ್ಲ ಎಂದು ಗೀರಪ್ಪನವರಿಗೆ ತಮ್ಮ ಮೇಲೆಯೇ ನಾಚಿಕೆಯಾಯಿತು. ಯಾರ ಮುಖವನ್ನೂ ನೋಡಲಾಗದೆ ಪ್ಯಾರಪೆಟ್ ಗೋಡೆಯ ಕಡೆ ನೋಡಿದರು. ಬೆಳಿಗ್ಗೆ ಪ್ಲಂಬರ್ ಎಸೆದಿದ್ದ ಮುದ್ದೆ ಅಲ್ಲೇ ಬಿಸಿಲಿಗೆ ಒಣಗಿತ್ತು. ಒಣಗಿದ ಮೇಲೆ ಅದು ಪಾರಿವಾಳದ ಗೂಡಿನ ಕಸದ ಹಾಗೆ ಕಾಣಲಿಲ್ಲ. ಹತ್ತಿ. ಗುಂಡುಗಳ ಗೀರು ಕೆಡದಿರಲೆಂದು ಪ್ರಯೋಗಾಲಯದಲ್ಲಿ ಅವರೇ ದಿನವೂ ಸುತ್ತುವ ಹತ್ತಿ.

ಆಗ ಎಲ್ಲ ನೆನಪಾಯಿತು. ಶನಿವಾರ ಆ ಪಿಸ್ತೂಲಿನಿಂದ ಹಾರಿಸಿದ್ದು ಮೂರು ಗುಂಡು. ಚೆನ್ನಾಗಿ ಬಂದ ಎರಡನ್ನು ಲಾಕರಿಗಿಟ್ಟರು. ಮೂರನೆಯದನ್ನು ಬೇಡದ ಗುಂಡುಗಳ ಡಬ್ಬಿಗೆ ಹಾಕಲು ಹೋದರೆ ಆ ಕೋಣೆಗೆ ಬೀಗ ಬಿದ್ದಿತ್ತು. ಸೋಮವಾರ ಹಾಕಿದರಾಯಿತೆಂದು ಹತ್ತಿ ಸುತ್ತಿ ಜೇಬಿಗೆ ಇಳಿಬಿಟ್ಟರು. ಭಾನುವಾರ ಅದೇ ಅಂಗಿ ತೊಟ್ಟು ಟ್ಯಾಂಕಿಗೆ ಬಗ್ಗಿದರು. ಆಮೇಲೆ ಆ ಗುಂಡು ನೆನಪಿಗೇ ಬರಲಿಲ್ಲ.

“ಗುಂಡು ಹಾರಿಸಿದ್ದು ನಾನೇ,” ಎಂದರು ಗೀರಪ್ಪನವರು.

ಕಾನ್‌ಸ್ಟೇಬಲ್ ಅವರ ರಟ್ಟೆ ಹಿಡಿದ. ಹೆಂಡತಿ, “ಅಯ್ಯೋ, ಇವರಿಗೆ ಸೊಳ್ಳೆ ಹೊಡೆಯೋಕೂ ಬರಲ್ಲ ಸಾರ್,” ಎಂದು ಅಡ್ಡ ಬಂದರು.

“ಹಾರಿಸಿದ್ದು ಲ್ಯಾಬಿನ ತೊಟ್ಟಿಗೆ. ಶನಿವಾರ. ಡ್ಯೂಟಿ ಮೇಲೆ,” ಎಂದು ಗೀರಪ್ಪನವರು ನಡೆದದ್ದನ್ನೆಲ್ಲ ಹೇಳಿದರು. ಹೇಳುತ್ತ ಹೇಳುತ್ತ ಮೇಡಂ ಕಡೆ ನೋಡುವ ಧೈರ್ಯ ಕಡಿಮೆಯಾಗುತ್ತ ಹೋಯಿತು. ನಾನು ಬೆಳಿಗ್ಗೆಯಿಂದ ನನ್ನ ಗುಂಡನ್ನು ನನ್ನ ಗುಂಡಿಗೇ ಹೋಲಿಸಿ, ಹೊಂದಿತು ಎಂದು ಕುಣಿದೆನಲ್ಲ ಎಂದು ಅವರಿಗೆ ಅಳುವೂ ನಗುವೂ ಒಟ್ಟಿಗೆ ಬಂದು, ಕೊನೆಗೆ ಸೀನು ಮಾತ್ರ ಹೊರಬಂತು.

ಇನ್ಸ್‌ಪೆಕ್ಟರ್ ತಲೆಯಾಡಿಸಿದರು. “ಕಳ್ಳರು ಇದಕ್ಕಿಂತ ಒಳ್ಳೆ ಕತೆ ಕಟ್ತಾರೆ ರೀ. ಪಂಪಿನ ಸದ್ದಿತ್ತು ಸರಿ, ಆದರೂ ಜೇಬಿಂದ ಗುಂಡು ಬಿದ್ದದ್ದು ಗೊತ್ತಾಗಲಿಲ್ವಾ? ಓದಿದವರು, ಇಷ್ಟು ವರ್ಷ ಕೆಲಸ ಮಾಡಿದವರು, ಇಷ್ಟು ಬೇಜವಾಬ್ದಾರಿ ಅಂದ್ರೆ ಯಾರು ನಂಬ್ತಾರೆ?”

“ನಾನು ನಂಬ್ತೀನಿ,” ಎಂದರು ಹೆಂಡತಿ.

“ನೀವು ಮನೆಯವರು, ಆಗಲ್ಲ. ನಿಮ್ಮ ಶಾಸ್ತ್ರದಲ್ಲಿ ಏನು ಮಾಡ್ತೀರಿ ಸಾರ್? ಅನುಮಾನ ಇರೋ ಪಿಸ್ತೂಲನ್ನ ಇನ್ನೊಂದು ಸಲ ಹಾರಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತೀರಿ. ಹಾಗೇ ಮಾಡಿ ತೋರಿಸಿ. ಭಾನುವಾರ ಹೇಗೆ ಬಗ್ಗಿದ್ರಿ?”

ಗೀರಪ್ಪನವರಿಗೆ ಹೋದ ಜೀವ ಬಂತು. ಸರಸರನೆ ಏಣಿ ಹತ್ತಿ, ಮುಚ್ಚಳ ಸರಿಸಿ, ಟ್ಯಾಂಕಿನೊಳಕ್ಕೆ ತಲೆ ತೂರಿಸಿದರು. ಅವರ ದನಿ ಒಳಗಿಂದ ದೇವರ ವಾಣಿಯಂತೆ ಮೊಳಗಿತು.

“ನೋಡಿ ಸಾರ್, ಎಡಗೈಲಿ ಟಾರ್ಚು. ಬಲಗೈ ಅಂಚಿನ ಮೇಲೆ. ಎದೆ ಹೀಗೆ ಕೆಳಗೆ. ಆಗ ಜೇಬಿನ ಬಾಯಿ ಸೀದಾ ನೀರಿನ ಕಡೆ ತೆರೆದುಕೊಳ್ಳುತ್ತೆ. ಅದರಲ್ಲಿ ಏನಿದ್ದರೂ ಸಹಜವಾಗಿ—”

ಡುಬುಕ್ ಎಂದಿತು.

ಕಾನ್‌ಸ್ಟೇಬಲ್ ಅವರನ್ನು ಹಿಡಿಯಲು ಏಣಿಯ ಬುಡಕ್ಕೆ ಬಂದ. ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್‌ಗೆ ಸನ್ನೆ ಮಾಡಿ, “ಬಿಡಪ್ಪಾ ಅವರನ್ನ. ಹೊಂದಿತು,” ಎಂದರು.

“ಎರಡನೆಯವರಾಗಿ ನಾನೂ ನೋಡಿದೆ,” ಎಂದು ಮೇಡಂ ನಿಟ್ಟುಸಿರು ಬಿಟ್ಟರು. “ಹೊಂದಿತು.”

“ರೀ, ಈಗ ಬಿದ್ದದ್ದು ಏನು?” ಎಂದು ಹೆಂಡತಿ ಕೇಳಿದರು.

ಟ್ಯಾಂಕಿನೊಳಗಿಂದ ಸಣ್ಣ ದನಿಯಲ್ಲಿ ಉತ್ತರ ಬಂತು. “ಲಾಕರ್ ಕೀಲಿ.”

ಆ ಲಾಕರಿನಲ್ಲಿದ್ದ ಪಿಸ್ತೂಲುಗಳಲ್ಲೊಂದು ಮಾರನೆಯ ಬೆಳಿಗ್ಗೆ ನ್ಯಾಯಾಲಯಕ್ಕೆ ಹೋಗಬೇಕಿತ್ತು, ಇನ್ನೊಂದು ಕೀಲಿ ಇರಲಿಲ್ಲ. ಹಾಗಾಗಿ ಟ್ಯಾಂಕು ಮತ್ತೆ ಖಾಲಿಯಾಗಬೇಕಾಯಿತು. ಮಧ್ಯಾಹ್ನವಷ್ಟೇ ನಲ್ಲಿಯಲ್ಲಿ ನೀರು ಕಂಡು ಸಂತೋಷಪಟ್ಟಿದ್ದ ಕಟ್ಟಡದವರು, ಅದು ತಾರಸಿಯ ತೂಬಿನಿಂದ ಬೀದಿಗೆ ಸುರಿಯುವುದನ್ನು ನೋಡುತ್ತ ನಿಂತರು. ಮುಂದಿನ ತಿಂಗಳೂ ಟ್ಯಾಂಕು ಗೀರಪ್ಪನವರದೇ ಎಂದು ಕಾರ್ಯದರ್ಶಿಗಳು ಅಲ್ಲೇ ತೀರ್ಮಾನಿಸಿದರು.

ಮೇಡಂ ಮೇಲಿನವರಿಗೆ ಫೋನು ಮಾಡಿದ್ದು ತಾರಸಿಯಿಂದಲೇ. “ಸಾರ್, ನನ್ನ ವರ್ಗ ರದ್ದು ಮಾಡಿ. ಇನ್ನೊಂದಷ್ಟು ದಿನ ನಾನು ಇಲ್ಲೇ ಇರಬೇಕಾದ ಅಗತ್ಯ ಇದೆ,” ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿ ಗೀರಪ್ಪನವರಿಗೆ ಕುರ್ಚಿಯ ಗಾಲಿಗಳ ಸದ್ದು ಒಮ್ಮೆ ಕಿವಿಯಲ್ಲಿ ಕೇಳಿದಂತಾಯಿತು.

ಅವರು ಪ್ಯಾಂಟು ಮಡಚಿಕೊಂಡು ಖಾಲಿ ಟ್ಯಾಂಕಿನೊಳಗೆ ಇಳಿದರು. ಸೊಂಟ ಬಗ್ಗದ ಕಾರಣ ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ತಳದಲ್ಲಿ ಉಳಿದ ಕತ್ತಲ ನೀರಿನಲ್ಲಿ ಕೈಯಾಡಿಸತೊಡಗಿದರು. ಸ್ಟೂಲಿನ ಬೆಲೆ ಅವರಿಗೆ ಆಗ ಗೊತ್ತಾಯಿತು. ಬಹಳ ಹೊತ್ತಿನ ಮೇಲೆ ಬೆರಳಿಗೆ ಕೀಲಿ ತಾಗಿ, ಜೀವ ತಣ್ಣಗಾಯಿತು.

ಮೇಲಿನಿಂದ ಹೆಂಡತಿಯ ಮುಖ ಇಣುಕಿತು. “ಸಿಕ್ತಾ?”

“ಸಿಕ್ತು ಕಣೇ,” ಎನ್ನುತ್ತ ಗೀರಪ್ಪನವರು ಎದ್ದು ಏಣಿಗೆ ಕಾಲಿಟ್ಟರು.

“ದಮ್ಮಯ್ಯ, ಜೇಬಿಗೆ ಮಾತ್ರ ಹಾಕ್ಕೋಬೇಡಿ.”

ಅವರು ಹಾಕಿಕೊಂಡಾಗಿತ್ತು.